ಹುಟ್ಟಿದ ದಿನದ ಚುಚ್ಚುಮದ್ದು

ಇಲ್ಲಿ ಬರೆಯುವುದೆಲ್ಲ ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಅಣ್ಣ ಆ ದಿನ ಜಗುಲಿಯಲ್ಲಿ ಕುಳಿತಿದ್ದನೋ, ಹಿತ್ತಿಲ ಬಾಗಿಲ ಬಳಿಯೋ; "ಬಾಯಿ ಮುಚ್ಚು" ಎಂದದ್ದು ಅಪ್ಪನೋ, ಸೋದರತ್ತೆಯೋ, ಈಗ ಖಚಿತವಿಲ್ಲ. ಸಿಟ್ಟಿನಲ್ಲಿ ನೆನಪಿಟ್ಟದ್ದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಸಿಟ್ಟು ಬಂದದ್ದು ನಿಜ. ಇನ್ನೂ ಇಳಿದಿಲ್ಲ.

ತೊಂಬತ್ತರ ದಶಕದ ಕೊನೆ. ದೂರದ ನಗರದ ಪ್ರಯೋಗಾಲಯವೊಂದರಲ್ಲಿ ನಾನು ಹೆಪಟೈಟಿಸ್ ಬಿ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದೆ. ಅದು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟಬಲ್ಲದು. ಎಷ್ಟೋ ವರ್ಷ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂತು, ಕೆಲವರಲ್ಲಿ ಕ್ಯಾನ್ಸರ್ ತರುತ್ತದೆ. ಹೇಗೆ ಎಂಬುದೇ ನನ್ನ ಸಂಶೋಧನೆ. ಆಗಲೇ ಕಾನಸೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ, ಮದುವೆಯಾಗದ ನನ್ನ ಅಣ್ಣನಿಗೆ ಯಕೃತ್ತಿನ ಕ್ಯಾನ್ಸರ್ ಎಂದು ತಿಳಿಯಿತು. ರಕ್ತದಲ್ಲಿ ಅದೇ ವೈರಸ್. ನಮ್ಮನ್ನು ಹೆತ್ತ ಆಯಿ ಹಿಂದೆ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಸತ್ತದ್ದು ಏಕಿರಬಹುದೆಂದು ಆಗ ಹೊಳೆಯಿತು.

ರಜೆ ಹಾಕಿ ಬಂದೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲೇ ಪರಿಚಯದವರೊಬ್ಬರು ಕೇಳಿದರು: "ನಿನ್ನಣ್ಣ ಕದ್ದು ಕುಡಿತಿದ್ನಡ, ಹೌದನೆ?" ಚಹಾ ಬಿಟ್ಟರೆ ಏನನ್ನೂ ಕುಡಿದವನಲ್ಲ ಅವನು.

ಮನೆಯಲ್ಲಿ ಅವನ ತಟ್ಟೆ, ಲೋಟ ಬೇರೆ. ಆಯಿ ಹೋದ ಮೇಲೆ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸೋದರತ್ತೆ ಅವನ್ನು ಬಚ್ಚಲ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಊಟದಿಂದ, ಎಂಜಲಿನಿಂದ ಇದು ಹರಡುವುದಿಲ್ಲ ಎಂದೆ. ನಂಬಲಿಲ್ಲ. ಅಣ್ಣ ಅರ್ಧ ಕುಡಿದಿಟ್ಟ ಚಹಾವನ್ನು ಎತ್ತಿ ಎಲ್ಲರೆದುರು ಕುಡಿದುಬಿಟ್ಟೆ.

ಅಣ್ಣ ನನ್ನತ್ತ ಕೈ ತೋರಿಸಿ ನಕ್ಕ. "ಅತ್ತೇ, ಇದಕ್ಕೂ ಒಂದು ಬೇರೆ ಲೋಟ ಇಡವಾತು."

"ಇಲಿ ಕೊಯ್ದು ಕಲ್ತ ಡಾಕ್ಟ್ರಿಕೆ ನಂಗಕ್ಕೆ ಹೇಳ್ಲೆ ಬಂದ್ಯಾ ಕೂಸೇ?" ಎಂದರು ಅತ್ತೆ.

ನನಗೆ ಬೇಕಾಗಿದ್ದು ಲೋಟದ ಜಗಳವಲ್ಲ. ಹೆರಿಗೆಗೆ ಬಂದಿದ್ದ ತಂಗಿ ಅಲ್ಲೇ ಗೋಡೆಗೊರಗಿ ಕೂತಿದ್ದಳು. ಅವಳೂ ಅದೇ ಆಯಿಯ ಮಗಳು. ಅವಳ ರಕ್ತ ಪರೀಕ್ಷೆ ಮಾಡಿಸಿ ಎಂದೆ.

"ಗಂಡನ ಮನೆಯವಕ್ಕೆ ಗೊತ್ತಾದ್ರೆ ಯಾರು ಹೊಣೆ? ವಾಪಸ್ ಕಳಿಸ್ತ. ಬಾಯಿ ಮುಚ್ಚು."

ಲೋಟವನ್ನು ಮೂರು ಸಲ ತೊಳೆಯುವ ಮನೆಯಲ್ಲಿ ಒಂದು ಹನಿ ರಕ್ತ ನೋಡುವ ಧೈರ್ಯವಿರಲಿಲ್ಲ! ಹಾಗಾದರೆ ಪರೀಕ್ಷೆ ಬೇಡ, ಮಗು ಹುಟ್ಟಿದ ದಿನವೇ ಈ ವೈರಸ್ಸಿನ ಲಸಿಕೆ ಕೊಡಿಸಿ, ತಾಯಿಯಿಂದ ದಾಟುವುದು ಬಹುಪಾಲು ತಪ್ಪುತ್ತದೆ, ಯಾರೂ ಏಕೆಂದು ಕೇಳುವುದಿಲ್ಲ, ಎಂದು ಗೋಗರೆದೆ. ಶಿರಸಿಯಲ್ಲಿ ತಂಗಿಯನ್ನು ನೋಡುತ್ತಿದ್ದ ಡಾಕ್ಟರಿಗೂ ಹೇಳಿದೆ. ಮನೆಯವರು ಒಪ್ಪಿದರೆ ತರಿಸುತ್ತೇನೆ ಎಂದರು. ತಂಗಿ ತಲೆಯಾಡಿಸಿದಳು. ಹಾಗೆಂದು ನನ್ನ ನೆನಪು.

ರಜೆ ಮುಗಿಯಿತು, ಹೋದೆ. ಗಂಡುಮಗು ಹುಟ್ಟಿತೆಂದು ಫೋನ್ ಬಂತು. ಲಸಿಕೆ ಕೇಳಿದರೆ ಅಪ್ಪ, "ಎಲ್ಲ ಆರಾಮಿದ್ದು" ಎಂದ. ಚಳಿಗಾಲ ಕಳೆಯುವುದರೊಳಗೆ ಅಣ್ಣ ಸತ್ತ. ಊರು ಅವನನ್ನು ಕುಡುಕನೆಂದೇ ಸುಟ್ಟು ಬಂತು. ತಾಯಿಯಿಂದ ಮಗುವಿಗೆ ವೈರಸ್ ದಾಟುವುದರ ಬಗ್ಗೆ ನಾನು ಪ್ರಬಂಧ ಬರೆದೆ, ಸಭೆಗಳಲ್ಲಿ ಮಾತಾಡಿದೆ, ಚಪ್ಪಾಳೆ ಬಿತ್ತು. ಯಾರ ಮೇಲೆ ರೇಗಬೇಕೋ ತಿಳಿಯದೆ ಕೆಲವು ಸಲ ಆ ಚಪ್ಪಾಳೆಯ ಮೇಲೇ ರೇಗಿದೆ.

ತಂಗಿಯ ಯಲ್ಲಾಪುರದ ಮನೆಯಲ್ಲಿ ಫೋನ್ ಇರುವುದು ಅವಳ ಗಂಡನ ತಾಯಿ ಕೂರುವ ಕೋಣೆಯಲ್ಲಿ; ಬಿಚ್ಚಿ ಮಾತಾಡುವಂತಿರಲಿಲ್ಲ. ಎಷ್ಟು ಸಲ ಕೇಳಿದರೂ ಅವಳದೂ ಅಪ್ಪನದೇ ಉತ್ತರ. ಹುಡುಗ ಶಾಲೆಗೆ ಸೇರಿದ ವರ್ಷ ನಾನೇ ಹೋದೆ. ಅವಳು ಹಿತ್ತಿಲಲ್ಲಿ ಅವನ ಸಮವಸ್ತ್ರ ಒಗೆಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

"ನಿನ್ನ ಮೇಲೆ ಸಿಟ್ಟಿಲ್ಲೆ," ಎಂದೆ. ಅದು ಸುಳ್ಳು. "ಲಸಿಕೆ ಕೊಡ್ಸದೇ ಇದ್ರೂ ಈಗ ರಕ್ತ ನೋಡ್ಲಕ್ಕು, ನಿಂದೂ, ಅವಂದೂ. ನಂಗೊಬ್ಬಳಿಗೇ ಹೇಳು."

ಅವಳು ಅಂಗಿಯ ಕಾಲರು ತಿಕ್ಕುತ್ತಲೇ ಇದ್ದಳು.

"ಅವ ಹುಟ್ಟಿದ ದಿನ ಕೊಡ್ಸಿದ್ಯಾ ಇಲ್ಯಾ?"