ಚುರುಕ್ ಅಂದ ಮೇಲೆ

ನಮ್ಮೂರ ಚರ್ಚಿನ ಫಾದರ್ ಅವರ ಬಲಗೈಯ ಎರಡು ಬೆರಳು ಅಂಗೈಗೆ ಮಡಚಿಕೊಂಡು ಹಾಗೇ ಸೆಟೆದುಹೋಗಿದ್ದವು. ಯಾವುದೋ ಹಳೆಯ ಅಪಘಾತವಂತೆ. ಆ ಕೈಯಲ್ಲೇ ಹಸು ಕಟ್ಟಿ, ಕ್ಯಾನು ಹಿಡಿದು ಡೈರಿಗೆ ಬಂದು, ಸಾಲಿನಲ್ಲಿ ನಮ್ಮ ಜೊತೆ ಹರಟುತ್ತಿದ್ದರು.

ಹಿಂದಿನ ಗ್ರೀಕರು ಕನಿಕರಕ್ಕೆ ಸ್ಪ್ಲಾಂಖ್ನ ಎನ್ನುತ್ತಿದ್ದರು, ಅದರ ಮೂಲ ಅರ್ಥ ಹೊಟ್ಟೆಯೊಳಗಿನ ಕರುಳು ಎಂದು ಒಮ್ಮೆ ಆ ಸಾಲಿನಲ್ಲೇ ಹೇಳಿದರು. ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ.

“ಇದ್ಕೆ ಗ್ರೀಕ್ ಯಾಕ್ ಫಾದರ್? ನಮ್ಮವ್ವನೂ ಕರುಳು ಚುರುಕ್ ಅಂತು ಅಂತಾಳೆ.”

“ಚುರುಕ್ ಅಂದ್ಮೇಲೆ ಎದ್ದು ಓಗ್ಬೇಕು ಕಣವ್ವ. ಕೂತೇ ಇದ್ರೆ ಅದು ಬರೀ ಹೊಟ್ಟೆನೋವು,” ಎಂದು ನಕ್ಕರು.

ಆ ಮಾತು ನನ್ನ ಕುತ್ತಿಗೆಗೇ ಬಂತು. ಕೆಲವು ದಿನಗಳ ಮೇಲೆ ಪಕ್ಕದ ಮನೆಯವನ ಹಸು ಕರು ಹಾಕಲಾರದೆ ಬೆಳಗಿನಿಂದ ಒದ್ದಾಡುತ್ತಿತ್ತು. ಡಾಕ್ಟರು ಅರಕಲಗೂಡಿನ ಕಡೆ ಸಿಕ್ಕಿಕೊಂಡಿದ್ದರು. ಹೊಟ್ಟೆಯಲ್ಲಿ ಹೊರಳಿದ ಕರುವನ್ನು ನೇರ ಮಾಡುವುದನ್ನು ನನ್ನಪ್ಪ ನನಗೆ ಕಲಿಸಿದ್ದ. ಆದರೆ ಹಿಂದಿನ ವರ್ಷ ನನಗೆ ಜ್ವರವಿದ್ದಾಗ ನನ್ನ ಹಸು ಹೀಗೇ ಒದ್ದಾಡಿತ್ತು. ಡಾಕ್ಟರನ್ನು ಕರೆತರಲು ಆಟೋ ಕೇಳಿದರೆ ಇದೇ ಮನುಷ್ಯ ಬಾಗಿಲು ಹಾಕಿಕೊಂಡಿದ್ದ. ಹಸುವೂ ಹೋಯಿತು, ಕರುವೂ ಹೋಯಿತು.

ಫಾದರ್ ನನ್ನ ಬಾಗಿಲಿಗೆ ಬಂದರು. “ಬಾರವ್ವ, ಒಸಿ ಕೈ ಆಕು.”

“ಸಾಯ್ಲಿ ಬುಡಿ ಫಾದರ್. ನಂದು ಸಾಯ್ಲಿಲ್ವಾ?”

ಬೋಧನೆ ಶುರುವಾಗುತ್ತದೆಂದು ಕಾದೆ. ಅವರು ನೇರ ಪಕ್ಕದ ಕೊಟ್ಟಿಗೆಗೆ ಹೋಗಿ, ತೋಳಿಗೆ ಎಣ್ಣೆ ಸವರಿಕೊಂಡು ತಾವೇ ಕೈ ಹಾಕಿದರು. ಆ ಮಡಚಿದ ಬೆರಳಲ್ಲಿ ಆಗುವ ಕೆಲಸವೇ? ಹಸು ಕೂಗಿದ ಕೂಗಿಗೆ ನನ್ನ ಹೊಟ್ಟೆಯೊಳಗೆ ಕಿವುಚಿದಂತಾಯಿತು. ಥೂ ನನ್ನ ಕರುಳೇ ಎಂದು ಬೈದುಕೊಂಡೇ ಬೇಲಿ ದಾಟಿದೆ.

“ಸರ್ಕೊಳಿ ಫಾದರ್, ಕೊಂದೇಬುಡ್ತೀರಾ!”

ಕರುವಿನ ತಲೆ ಹಿಂದಕ್ಕೆ ತಿರುಗಿತ್ತು. ಹಸು ತಿಣುಕಿದಾಗೆಲ್ಲ ನನ್ನ ಮೊಣಕೈ ಮುರಿದೇ ಹೋಯಿತೆನಿಸುತ್ತಿತ್ತು. ತಿಣುಕುವುದು ನಿಂತಾಗ ಕರುವನ್ನು ಒಳಕ್ಕೆ ದೂಡಿ, ಮೂತಿ ಹುಡುಕಿ ಎಳೆದೆ. ಎರಡು ಸಲ ಜಾರಿತು. ಕೊನೆಗೂ ಕರು ಹೊರಬಿತ್ತು, ಉಸಿರಿರಲಿಲ್ಲ. ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ತಿಕ್ಕಿ ತಿಕ್ಕಿ ನನ್ನ ಕೈ ಸೋತಾಗ ಸೀನಿತು ನೋಡಿ! ಪಕ್ಕದ ಮನೆಯವನು ಕೈ ಮುಗಿದ.

“ನಿನ್ ಮೇಗಿನ್ ಸಿಟ್ಟು ಓಗಿಲ್ಲ ಕಣ್ಲಾ. ಬಿಸ್ನೀರ್ ತಗಂಬಾ,” ಎಂದೆ. ಫಾದರ್ ಕೊಟ್ಟಿಗೆಯ ಮೂಲೆಯಲ್ಲಿ ಕೂತು ಅಳುತ್ತಿದ್ದರು.

ಅಂದಿನಿಂದ ಸುತ್ತಮುತ್ತಲ ಊರಿನವರೂ ನನ್ನನ್ನು ಕರೆಯತೊಡಗಿದರು. ಹೋದ ವರ್ಷ ಫಾದರ್ ಹಾಸನದಲ್ಲಿ ತೀರಿಕೊಂಡರು. ಮಣ್ಣಿಗೆಂದು ಹೊರಟು ಹೈವೇಯಲ್ಲಿ ನಿಂತಿದ್ದಾಗ ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರಿಂದ ಫೋನು ಬಂತು. ಕರುವಿನ ಒಂದು ಕಾಲು ಮಾತ್ರ ಹೊರಗಿದೆ, ಹಸು ನೆಲ ಹಿಡಿದಿದೆ ಎಂದರು. ಹಾಸನದ ಬಸ್ಸು ಬಂದು ನಿಂತಿತು. ನಾನು ರಸ್ತೆ ದಾಟಿ ಚನ್ನರಾಯಪಟ್ಟಣದ ಬಸ್ಸಿಗೆ ಕೈ ಅಡ್ಡ ಹಿಡಿದೆ. ಫಾದರ್ ಮಣ್ಣಾಗುವ ಹೊತ್ತಿಗೆ ಯಾರದೋ ಕೊಟ್ಟಿಗೆಯಲ್ಲಿ ಅಳುತ್ತಲೇ ತೋಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ.