ಮುಂದಿನ ಸೀಟಿನ ಅಕ್ಕಿಮೂಟೆ

ಮುತ್ತಿನಕೊಪ್ಪದ ಜಯದೇವಪ್ಪನವರು ಬಸ್ಸಿನ ಹಿಂದೆ ಕಾರು ಓಡಿಸುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಸ್ಸಿನಲ್ಲಿ ಅವರ ಹೆಂಡತಿ ಪ್ರೇಮಕ್ಕ ಕೂತಿರುತ್ತಿದ್ದರು. ಹಿಂದೆ ಬರುವ ಹಳೇ ಬಿಳಿ ಕಾರಿನಲ್ಲಿ ಜಯದೇವಪ್ಪ ಒಬ್ಬರೇ. ಬಸ್ಸು ನಿಂತಲ್ಲೆಲ್ಲ ಕಾರೂ ನಿಲ್ಲುತ್ತಿತ್ತು. ನರಸಿಂಹರಾಜಪುರದಲ್ಲಿ ಪ್ರೇಮಕ್ಕ ಇಳಿದು, ಸಂತೆ ಮುಗಿಸಿ, ತರಕಾರಿ ಚೀಲವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ತಾವು ಮತ್ತೆ ಬಸ್ಸು ಹತ್ತುತ್ತಿದ್ದರು. ಚೀಲಕ್ಕೆ ಕಾರಿನ ಮೇಲೆ ಸಿಟ್ಟಿರಲಿಲ್ಲ.

ಇದಕ್ಕೆಲ್ಲ ಕಾರಣ ರಸ್ತೆಗೆ ಅಡ್ಡ ಹಾಕಿದ ಒಂದು ಹಂಪು. ಕಾರಿನ ಶಾಕ್‌ಗಳು ಸತ್ತು ಬಹಳ ಕಾಲವಾಗಿತ್ತು. ಚಕ್ರ ಗುಂಡಿಗೆ ಬಿದ್ದ ಏಟನ್ನು ತಡೆದುಕೊಳ್ಳಬೇಕಾದ ಸಾಮಾನು ಅವು. ಅವು ತಡೆಯುವುದನ್ನು ಬಿಟ್ಟ ಮೇಲೆ ಆ ಕೆಲಸ ಕೂತವರ ಸೊಂಟದ ಪಾಲಿಗೆ ಬಂದಿತ್ತು. ಊರಾಚೆಯ ಹಂಪಿನ ಮೇಲೆ ಒಂದು ದಿನ ಪ್ರೇಮಕ್ಕನ ತಲೆ ಕಾರಿನ ಚಾವಣಿಗೆ ಬಡಿಯಿತು. ಬಡಿದದ್ದಕ್ಕೆ ಅವರು ಏನೂ ಅನ್ನುತ್ತಿರಲಿಲ್ಲವೇನೋ. ಆದರೆ ಜಯದೇವಪ್ಪ, "ಹಂಪು ಬಂದಾಗ ತಲೆ ಬಗ್ಸಿ ಕೂತ್ಕೋಬೇಕಪ್ಪ," ಅಂದುಬಿಟ್ಟರು.

"ಹೌದಾ," ಅಂದರು ಪ್ರೇಮಕ್ಕ. "ನಿಲ್ಸಿ."

ಇಳಿದವರು ಮತ್ತೆ ಹತ್ತಲಿಲ್ಲ. ಮನೆಯಲ್ಲಿ ಮಾತು, ಊಟ, ಸ್ನಾನಕ್ಕೆ ಬಿಸಿನೀರು ಎಲ್ಲ ಮೊದಲಿನ ಹಾಗೇ. ಕಾರು ಒಂದು ಇಲ್ಲ.

ಜಯದೇವಪ್ಪ ತಪ್ಪಾಯಿತು ಎನ್ನುವ ಪೈಕಿಯವರಲ್ಲ, ರಿಪೇರಿ ಮಾಡುವ ಪೈಕಿ. ಮಿಕ್ಸಿ, ಪಂಪ್‌ಸೆಟ್ಟು, ಅತ್ತೆಯ ಹಲ್ಲಿನ ಸೆಟ್ಟು ಎಲ್ಲವನ್ನೂ ತಾವೇ ಬಿಚ್ಚಿದವರು. ಕೆಲವನ್ನು ಜೋಡಿಸಿದವರೂ ಹೌದು. ಕೊಪ್ಪ ಪೇಟೆಯಲ್ಲಿ ಪ್ರೇಮಕ್ಕನ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ನೆಂಟರೆಲ್ಲ ಸೇರಿದ ಮನೆಗೆ ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಬಂದು ಇಳಿದರೆ ಅದಕ್ಕಿಂತ ದೊಡ್ಡ ಹಂಪು ಬೇರೆ ಇಲ್ಲ. ಆವತ್ತು ಪ್ರೇಮ ತನ್ನ ಪಕ್ಕದ ಸೀಟಿನಲ್ಲೇ ಕೂತು ಬರಬೇಕು ಎಂದು ಜಯದೇವಪ್ಪ ಗಟ್ಟಿಮಾಡಿಕೊಂಡರು.

ಶಿವಮೊಗ್ಗದಿಂದ ಹೊಸ ಶಾಕು, ಮೊದಲಿದ್ದದ್ದಕ್ಕಿಂತ ಉದ್ದನೆಯ ಸ್ಪ್ರಿಂಗು ಬಂದವು. "ನಮ್ಮನೆಯವರು ಶಾಕ್ ಹಾಕ್ತಿದಾರೆ," ಎಂದು ಪ್ರೇಮಕ್ಕ ಬೇಲಿಯಾಚೆ ಹೇಳಿದ್ದೇ ತಡ, ಪಕ್ಕದ ಮನೆಯ ನಾಗಪ್ಪ ಓಡಿ ಬಂದ.

"ನಿಮ್ಮಲ್ಲೂ ಹಂದಿ ಕಾಟ ಶುರುವಾಯ್ತಾ ಅಣ್ಣ? ತಂತಿ ಎಲ್ಲೀವರೆಗೆ ಎಳೀತೀರಿ?"

"ಬೇಲಿಗಲ್ಲ ಮಾರಾಯ, ಕಾರಿಗೆ."

ನಾಗಪ್ಪ ಕಾರನ್ನು ಒಂದು ಸುತ್ತು ಬಂದು ನೋಡಿದ. "ಇದನ್ನ ಯಾರು ಮುಟ್ತಾರೆ ಅಣ್ಣ?"

ಜಯದೇವಪ್ಪ ಅಂಗಳದಲ್ಲಿ ಜಾಕ್ ಕೊಟ್ಟು ಕಾರೆತ್ತಿ, ಕೆಳಗೆ ಹಲಸಿನ ದಿಮ್ಮಿ ಇಟ್ಟರು. ತುಕ್ಕು ಹಿಡಿದ ಬೋಲ್ಟುಗಳು ರಾತ್ರಿಯಿಡೀ ಡೀಸೆಲ್ ಕುಡಿದ ಮೇಲೇ ಜರುಗಿದವು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕ್ಲಾಂಪನ್ನು ಮಾತ್ರ ಗ್ಯಾರೇಜಿನಿಂದ ಕೇಳಿ ತಂದರು. ತಪ್ಪಿದರೆ ಮುಖಕ್ಕೇ ಚಿಮ್ಮುವ ವಸ್ತು, ಅದಕ್ಕೊಂದಕ್ಕೆ ಅವರು ಹೆದರುತ್ತಿದ್ದರು. ಹಳೆಯದೆಲ್ಲ ಹೊರಬಂತು, ಹೊಸದು ಕೂತಿತು. ಉಳಿದದ್ದು ಕೆಳಗಿನ ಬೋಲ್ಟುಗಳ ಕೊನೆಯ ಬಿಗಿ. ಅದನ್ನು ಚಕ್ರ ನೆಲಕ್ಕೂರಿ, ಒಳಗೆ ಭಾರ ಇರುವಾಗಲೇ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ಒಳಗಿನ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

"ಪ್ರೇಮ, ಸ್ವಲ್ಪ ಬಂದು ಕೂತ್ಕೋ. ಓಡ್ಸಲ್ಲ. ಭಾರಕ್ಕೆ ಅಷ್ಟೆ."

ಪ್ರೇಮಕ್ಕ ಜಗುಲಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಭಾರಕ್ಕೆ ನಾನ್ಯಾಕ್ರೀ? ಅಕ್ಕಿಮೂಟೆ ಇಡಿ. ಅದಕ್ಕೆ ತಲೆ ಬಗ್ಸೋ ರಗಳೇನೂ ಇಲ್ಲ."

ಜಯದೇವಪ್ಪ ಅಕ್ಕಿಮೂಟೆ ಹೊತ್ತು ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಬೋಲ್ಟು ಬಿಗಿದರು. ಹಾಗೇ ಪರೀಕ್ಷೆಗೆಂದು ಮೂಟೆಯ ಸಮೇತ ರಸ್ತೆಗೆ ಹೊರಟರು. ನಾಗಪ್ಪ ಎದುರಾದ.

"ಅಕ್ಕ ಹತ್ತಿದ್ರಾ ಅಣ್ಣ?"

"ಇಲ್ಲ."

"ಮತ್ತೆ ಇದ್ಯಾರು?"

"ಅಕ್ಕಿ."

"ಬೆಲ್ಟ್ ಹಾಕಿದೀರಿ?"

"ಮುಂದಿನ ಸೀಟಲ್ವಾ ಮಾರಾಯ. ಕಾನೂನು."

ಹಂಪಿನ ಮೇಲೆ ಮೂಟೆ ಅಲ್ಲಾಡಲಿಲ್ಲ.

ಹೊರಡುವ ದಿನ ಪ್ರೇಮಕ್ಕ ರೇಷ್ಮೆ ಸೀರೆ ಉಟ್ಟು ಅಂಗಳಕ್ಕೆ ಇಳಿದರು. ಜಯದೇವಪ್ಪ ಕಾರಿನ ಬಾಗಿಲು ತೆಗೆದುಕೊಂಡೇ ನಿಂತಿದ್ದರು. ಉಗುರಿನ ಸಂದಿಯ ಗ್ರೀಸು ಎಷ್ಟು ತಿಕ್ಕಿದರೂ ಹೋಗದೆ, ಹೊಸ ಪಂಚೆಗೆ ತಾಗದಂತೆ ಕೈಯನ್ನು ದೂರ ಹಿಡಿದಿದ್ದರು.

"ಹಂಪು ಹತ್ಸಿ ನೋಡಿದೀನಿ," ಅಂದರು. "ಮೂಟೆ ಅಲ್ಲಾಡ್ಲಿಲ್ಲ."

ಪ್ರೇಮಕ್ಕ ಆ ಉಗುರುಗಳನ್ನು ನೋಡಿದರು. ಗೇಟಿನ ಕಡೆ ಹೋಗಲಿಲ್ಲ. ಕಾರಿನ ಹತ್ತಿರ ಬಂದು ಕಾಲೆತ್ತಿದರು. ಎತ್ತಿದ ಕಾಲು ಒಳಕ್ಕೆ ಮುಟ್ಟಲಿಲ್ಲ. ಉದ್ದನೆಯ ಸ್ಪ್ರಿಂಗು ಕಾರನ್ನು ನಾಲ್ಕು ಬೆರಳು ಮೇಲೆತ್ತಿತ್ತು, ಪ್ರೇಮಕ್ಕನ ಮಂಡಿನೋವು ಅದಕ್ಕೆ ಒಪ್ಪಲಿಲ್ಲ.

ಜಯದೇವಪ್ಪ ಇದೊಂದನ್ನು ಯೋಚಿಸಿರಲಿಲ್ಲ. ಅಕ್ಕಿಮೂಟೆ ತಾನಾಗಿ ಹತ್ತಿರಲಿಲ್ಲವಲ್ಲ. ಆ ಅಭ್ಯಾಸದಲ್ಲೇ ಎರಡು ಕೈ ಚಾಚಿದರು.

"ನನ್ನೇನು ಮೂಟೆ ಅಂದ್ಕೊಂಡ್ರಾ?"

ಕೈ ಹಿಂದೆ ಬಂತು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಪ್ರೇಮಕ್ಕ ರಸ್ತೆ ನೋಡಿದರು, ಕಾರು ನೋಡಿದರು. ಜಯದೇವಪ್ಪ ಎಲ್ಲೂ ನೋಡಲಿಲ್ಲ. ಬಸ್ಸು ಬಂದು ದಿನದ ಹಾಗೆ ಗೇಟಿನೆದುರು ನಿಂತಿತು.

"ಒಳಗಿಂದ ಊಟದ ಮಣೆ ತನ್ನಿ," ಅಂದರು ಪ್ರೇಮಕ್ಕ. ಕಂಡಕ್ಟರಿಗೆ ಹೋಗಿ ಎಂದು ಕೈಬೀಸಿದರು.

ಜಯದೇವಪ್ಪ ಮಣೆ ತಂದು ಬಾಗಿಲ ಬುಡದಲ್ಲಿ ಇಟ್ಟರು. ಪ್ರೇಮಕ್ಕ ಅದರ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. "ಅದನ್ನೂ ಕೊಡಿ," ಎಂದು ಮಣೆಯನ್ನು ರೇಷ್ಮೆ ಸೀರೆಯ ಮಡಿಲಲ್ಲಿ ಇಟ್ಟುಕೊಂಡರು. "ಕೊಪ್ಪದಲ್ಲಿ ಇಳೀಬೇಕಲ್ಲ."

ಹಂಪು ಬಂತು. ಪ್ರೇಮಕ್ಕ ಮಣೆಯನ್ನು ಅವುಚಿಕೊಂಡು ತಲೆ ಬಗ್ಗಿಸಿದರು.

"ಬಗ್ಸೋದು ಬೇಡ," ಅಂದರು ಜಯದೇವಪ್ಪ, ರಸ್ತೆಯನ್ನೇ ನೋಡುತ್ತ. ಕಾರು ಹಂಪನ್ನು ಹತ್ತಿ ಮೆತ್ತಗೆ ಇಳಿಯಿತು. "ಅವತ್ತೂ ಬೇಕಿರ್ಲಿಲ್ಲ."

"ಹೌದಾ," ಅಂದರು ಪ್ರೇಮಕ್ಕ. ತಲೆ ಎತ್ತಿದರು.

ಸ್ವಲ್ಪ ಮುಂದೆ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಿತ್ತು. ಜಯದೇವಪ್ಪ ಅದರ ಹಿಂದೆ ಕಾರು ನಿಲ್ಲಿಸಿ, ಬಸ್ಸು ಹೊರಡುವುದನ್ನೇ ಕಾಯುತ್ತ ಕೂತರು.

ಪ್ರೇಮಕ್ಕ ಮಡಿಲ ಮಣೆಯನ್ನು ಸರಿಮಾಡಿಕೊಂಡರು. ಆಮೇಲೆ ಕೇಳಿದರು:

"ಯಾರಿಗೆ ಕಾಯ್ತಿದೀರಿ?"