ಹೆಸರು ಮುಚ್ಚಿ ತಪ್ಪು ಹುಡುಕಿಸುವ ಚೀಟಿ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಹಿಂದಿನ ಕೋಣೆಯಲ್ಲಿ ಚೀಟಿ ಅಕ್ಕ ಬೆರಳು ಒದ್ದೆ ಮಾಡಿಕೊಂಡು ನಿನ್ನೆಯ ವರದಿಗಳನ್ನು ಎಣಿಸುತ್ತಿದ್ದಾರೆ. ಪ್ರತಿ ಇಪ್ಪತ್ತನೆಯದನ್ನು ಎಳೆದು ಪಕ್ಕಕ್ಕಿಡುತ್ತಾರೆ. ಡಾಕ್ಟರ ಹೆಸರು, ಸಹಿಯ ಮೇಲೆ ಬಿಳಿ ಚೀಟಿ ಅಂಟಿಸುತ್ತಾರೆ. ಆ ವರದಿ, ಅದರ ಫಿಲ್ಮ್ ಎರಡೂ ಇನ್ನೊಬ್ಬ ಡಾಕ್ಟರ ಮೇಜಿಗೆ ಹೋಗುತ್ತವೆ. ಬರೆದದ್ದು ಸರಿಯೋ ತಪ್ಪೋ ಅವರು ಹೇಳಬೇಕು. ಬರೆದವರು ಯಾರೆಂದು ತಿಳಿಯಕೂಡದು. ದಿನಕ್ಕೆ ಮುನ್ನೂರು ವರದಿ, ಹದಿನೈದು ಚೀಟಿ.

"ಹೆಸರು ಕಂಡ್ರೆ ಕಣ್ಣು ಫಿಲ್ಮ್ ನೋಡಲ್ಲ, ಮುಲಾಜು ನೋಡುತ್ತೆ," ಎನ್ನುತ್ತಾರೆ ಅಕ್ಕ.

ಹತ್ತು ವರ್ಷ ಇಲ್ಲೇ ರೋಗಿಗಳ ಗಾಲಿಕುರ್ಚಿ ತಳ್ಳಿ ಸೊಂಟ ಬಿದ್ದುಹೋದ ಮೇಲೆ ಸಿಕ್ಕ ಕೆಲಸವಿದು. ಇದೇನು ಮಹಾ ಎಂದು ಮೂಗು ಮುರಿಯುವವರು ಅವರ ತಂಗಿಯ ಕೈ ನೋಡಲಿ. ಮಣಿಕಟ್ಟಿನ ಬಿರುಕು ಎಕ್ಸ್‌ರೇಯಲ್ಲಿತ್ತು, ವರದಿಯಲ್ಲಿರಲಿಲ್ಲ. ಇವತ್ತಿಗೂ ಆಕೆ ಒದ್ದೆ ಬಟ್ಟೆ ಹಿಂಡಲಾರಳು.

ಆದರೆ ದೀಪದ ಬುಡದಲ್ಲೇ ಕತ್ತಲೆ. ವಿಭಾಗದ ದೊಡ್ಡ ಡಾಕ್ಟರ ವರದಿ ಇಪ್ಪತ್ತನೆಯದಾಗಿ ಬಂದರೆ ಬಿಟ್ಟು ಮುಂದಿನದನ್ನು ತೆಗೆಯುವುದು ರೂಢಿಯಾಗಿತ್ತು. ಹೋದ ವರ್ಷ ಅಕ್ಕ ಬಿಡಲಿಲ್ಲ. ಚೀಟಿ ಅಂಟಿಸಿ ಕಿರಿಯ ಡಾಕ್ಟರಮ್ಮನಿಗೆ ಕೊಟ್ಟರು. ಅದೊಬ್ಬ ಟೈಲರನ ಎದೆಯ ಎಕ್ಸ್‌ರೇ. 'ಎಲ್ಲ ಸರಿಯಿದೆ' ಎಂದಿತ್ತು ವರದಿ. 'ಹೃದಯದ ನೆರಳಿನ ಹಿಂದೆ, ಶ್ವಾಸಕೋಶದಲ್ಲಿ ಸಣ್ಣ ಗಂಟಿದೆ' ಎಂದು ಬರೆದರು ಡಾಕ್ಟರಮ್ಮ. ಟೈಲರ್ ಆಗಲೇ ನಿಶ್ಚಿಂತೆಯಿಂದ ಮನೆ ಸೇರಿದ್ದ.

"ಬೆಕ್ಕಿಗೆ ಗಂಟೆ ಕಟ್ಟಿದ್ದಾಯ್ತಲ್ಲ, ಇನ್ನು ಓಡಕ್ಕಾ!" ಎಂದ ಕಾವಲುಗಾರ. ಅಕ್ಕ ಓಡಲಿಲ್ಲ. ವರದಿ, ಫಿಲ್ಮ್ ಹಿಡಿದು ನೇರ ದೊಡ್ಡ ಡಾಕ್ಟರ ಮುಂದೆ ನಿಂತರು.

"ನನ್ನದನ್ನೂ ತೆಗೆದ್ಯಾ? ಯಾರಮ್ಮ ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ ಸಾರ್. ಇಪ್ಪತ್ತನೇದು ನಿಮ್ಮದೇ ಇತ್ತು."

"ನಾಳೆಯಿಂದ ಮತ್ತೆ ಗಾಲಿಕುರ್ಚಿ ತಳ್ತೀಯಾ?"

"ತಳ್ತೀನಿ ಸಾರ್. ಮೊದ್ಲು ಆ ಟೈಲರನ್ನ ವಾಪಸ್ ಕರೆಸಿ."

ದೊಡ್ಡ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಆಮೇಲೆ ತಾವೇ ಫೋನಿಗೆ ಕೈ ಹಾಕಿದರು. ಆ ಶನಿವಾರ ಡಾಕ್ಟರುಗಳ ಸಭೆಯಲ್ಲಿ ಎಲ್ಲರೆದುರು ಆ ವರದಿಯ ಚೀಟಿ ಕಿತ್ತು, "ಇದು ನಂದು," ಎಂದರು. ಅಂದಿನಿಂದ ಯಾರ ವರದಿಗೂ ವಿನಾಯಿತಿ ಇಲ್ಲ.

ಗಂಟು ತೆಗೆಸಿಕೊಂಡ ಟೈಲರ್ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾನೆ. ಅಕ್ಕ ಯಾರೆಂದು ಅವನಿಗೆ ಗೊತ್ತೇ ಇಲ್ಲ. ಬೇಜಾರಿಲ್ಲವೇ ಎಂದರೆ ಅಕ್ಕ ನಗುತ್ತಾರೆ.

"ಹೋದ ವಾರ ತಪಾಸಣೆಗೆ ಬಂದಿದ್ದ. ನಾನು ಮೇಲೆ ಬಾಗಿಲಲ್ಲೇ ನಿಂತಿದ್ದೆ. ನಲವತ್ತು ಮೆಟ್ಲು ಹತ್ತಿದ, ಒಂದು ಕಡೇನೂ ಉಸಿರಿಗೆ ನಿಲ್ಲಲಿಲ್ಲ."